ಇಬ್ಬರು ಅಣ್ಣಂದಿರು

ನಮ್ಮ ಮನೆಯಲ್ಲಿ ಒಂದು ರಷ್ಯನ್ ಕಾದಂಬರಿಯನ್ನು ಗಮಕದ ಹಾಗೆ ಓದಿದರು. ಹೇಳಿದರೆ ಈಗಿನವರು ನಗುತ್ತಾರೆ, ನಗಲಿ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ತಲೆದೂಗುವುದು; ದೊಡ್ಡ ಪುಸ್ತಕ ಅಂದರೆ ಆಗಿನ ಮೈಸೂರಿನವರಿಗೆ ಗೊತ್ತಿದ್ದ ದಾರಿ ಅದೊಂದೇ. ರಾಮನವಮಿಯ ಚಪ್ಪರದಲ್ಲಿ ಹಳೆಯ ಕಾವ್ಯಕ್ಕೆ ಏನು ಮಾಡುತ್ತಿದ್ದರೋ ಅದನ್ನೇ ನನ್ನ ಅಣ್ಣ ಭಾನುವಾರ ಬೆಳಿಗ್ಗೆ ನಮ್ಮ ವಿದ್ಯಾರಣ್ಯಪುರಂ ಮನೆಯ ಹಜಾರದಲ್ಲಿ ಆ ಕಾದಂಬರಿಗೆ ಮಾಡಿದ. ವಾಚನ ನನ್ನದು, ವ್ಯಾಖ್ಯಾನ ಅವನದು.

ಅಣ್ಣಯ್ಯ ಕಾಲೇಜಿನಲ್ಲಿ ಮೇಷ್ಟರಾಗಿದ್ದ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಊರು ಬಿಟ್ಟು ಹೋದ ಬಿಳಿ ದೊರೆಯೊಬ್ಬನ ಮನೆ ಸಾಮಾನು ಹರಾಜಾದಾಗ ಬೇರೆಯವರು ಬೀರು, ಕುರ್ಚಿ, ಪಿಂಗಾಣಿ ತಟ್ಟೆ ಹೊತ್ತುಕೊಂಡು ಬಂದರೆ ಇವನು ಈ ಪುಸ್ತಕ ಹೊತ್ತುಕೊಂಡು ಬಂದ. ಇಂಗ್ಲಿಷ್ ಅನುವಾದ, ಒಂದೊಂದು ಸಂಪುಟವೂ ಒಳ್ಳೇ ಇಟ್ಟಿಗೆಯಷ್ಟು ದಪ್ಪ. ಮೂರು ಸಂಪುಟದ ಕಾದಂಬರಿಯಲ್ಲಿ ಎರಡೇ ಸಿಕ್ಕಿದ್ದವು. ಎರಡು ಮುಗಿಯುವ ಹೊತ್ತಿಗೆ ಮೂರನೆಯದು ಎಲ್ಲಾದರೂ ಸಿಕ್ಕೇ ಸಿಗುತ್ತದೆ ಎಂದು ಅಣ್ಣಯ್ಯ ಹೇಳಿದ. ನಮ್ಮ ತಂದೆ ತಾಯಿ ಆಗಲೇ ಹೋಗಿದ್ದರು. ಮನೆಯಲ್ಲಿ ಅವನು, ಅತ್ತಿಗೆ, ನಾನು ಮೂವರೇ. ನಾನು ಆಗ ಕಾಲೇಜಿಗೆ ಹೋಗುತ್ತಿದ್ದೆ. ಮಿಷನ್ ಶಾಲೆಯಲ್ಲಿ ಕಲಿತ ನನ್ನ ಉಚ್ಚಾರಣೆ ಚೆನ್ನಾಗಿದೆ ಎಂದು ಓದುವ ಕೆಲಸ ನನಗೆ ಬಂತು.

ಕೇಳುವುದಕ್ಕೆ ಮೂವರು ಬರುತ್ತಿದ್ದರು. ಒಬ್ಬರು ಪಕ್ಕದ ಬೀದಿಯ ವಕೀಲರು. ಇನ್ನೊಬ್ಬರು ಅರಮನೆಯ ಕಚೇರಿಯಿಂದ ನಿವೃತ್ತರಾದ ಮುದುಕರು. ಭಾನುವಾರವೂ ಜರಿ ಪೇಟ ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ, ನಾವು ಅವರನ್ನು ಅರಮನೆ ತಾತ ಅನ್ನುತ್ತಿದ್ದೆವು. ಮೂರನೆಯವರು ಮಂಡಕಳ್ಳಿಯ ಕಡೆಯಿಂದ ಸೈಕಲ್ ತುಳಿದು ಬರುತ್ತಿದ್ದ ಸ್ಕೂಲು ಮೇಷ್ಟ್ರು. ಹೊಲ ಮನೆ ಇದ್ದವರು, ಅಣ್ಣಯ್ಯನ ಹಳೆಯ ಶಿಷ್ಯರು. ಬರುವಾಗ ಚೀಲದ ತುಂಬ ಬದನೆಕಾಯಿ ತರುತ್ತಿದ್ದರು. ಅತ್ತಿಗೆ ಅದನ್ನು ಹೆಚ್ಚುತ್ತಾ ಒಳಗಿನಿಂದಲೇ, "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ನನಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು. ಅತ್ತಿಗೆ ಏಳನೇ ತರಗತಿಯ ತನಕ ಓದಿದವಳು. ರಷ್ಯಾ ಎಲ್ಲಿದೆ ಎಂದು ಕೇಳುವ ಗೋಜಿಗೇ ಅವಳು ಹೋಗಲಿಲ್ಲ.

ಎಲ್ಲರಿಗೂ ಕಷ್ಟವಾದದ್ದು ಹೆಸರುಗಳು. ಒಬ್ಬೊಬ್ಬರ ಹೆಸರು ಉಸಿರು ಕಟ್ಟಿ ಹೇಳಬೇಕು, ನಡುವೆ ಅಪ್ಪನ ಹೆಸರಿಗೆ ಬಾಲ ಕಟ್ಟಿರುತ್ತದೆ. ಅರಮನೆ ತಾತನಿಗೆ ಹಲ್ಲು ಕಟ್ಟಿಸಿದ ಹೊಸತು, ಒಂದು ಹೆಸರೂ ಬಾಯಿಗೆ ಹತ್ತಲಿಲ್ಲ. ಆದ್ದರಿಂದ ಅಣ್ಣಯ್ಯ ಎಲ್ಲರಿಗೂ ನಮ್ಮ ಕಡೆಯ ಹೆಸರಿಟ್ಟ. ಕಥಾನಾಯಕಿ ದೂರದ ಜಿಲ್ಲೆಯ ಜಡ್ಜಿಗೆ ಕೊಟ್ಟ ಹೆಣ್ಣು, ಅವಳು 'ಜಡ್ಜಿ ಹೆಂಡ್ತಿ' ಆದಳು. ತವರಿನಲ್ಲಿ ಜಮೀನು ನೋಡಿಕೊಂಡು, ಕುಡಿದು, ಆಳುಗಳಿಗೆ ಚಾವಟಿಯಲ್ಲಿ ಬಾರಿಸುವ ಅಣ್ಣನೊಬ್ಬನಿದ್ದ. ಅವನು 'ದೊಡ್ಡಣ್ಣ'. ಅವಳ ನೆನಪಿನಲ್ಲಿ ಬರುವ ಅಣ್ಣ ಒಬ್ಬನಿದ್ದ. ಹೆಪ್ಪುಗಟ್ಟಿದ ಕೆರೆಯ ಮೇಲೆ ಅವಳನ್ನು ಬೆನ್ನಿಗೆ ಕೂರಿಸಿಕೊಂಡು ನಡೆದವನು, ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತವನು. ಅವನ ಹೆಸರು ಎರಡೇ ಅಕ್ಷರದ್ದು, ಮುದ್ದಿನದು. ಅವನನ್ನು ಅಣ್ಣಯ್ಯ 'ಚಿಕ್ಕಣ್ಣ' ಎಂದು ಕರೆದ.

ಚಿಕ್ಕಣ್ಣ ನೆನಪುಗಳಲ್ಲಿ ಬರುತ್ತಿದ್ದನೇ ಹೊರತು ಕಣ್ಣೆದುರಿಗೆ ಬರಲೇ ಇಲ್ಲ. ಮೊದಲನೆಯ ಸಂಪುಟ ಮುಗಿಯುತ್ತಾ ಬಂದಾಗ ಮೇಷ್ಟ್ರು, "ಚಿಕ್ಕಣ್ಣ ಈಗ ಎಲ್ಲವ್ನೆ ಸಾ?" ಎಂದು ಕೇಳಿದರು. ಸೈನ್ಯಕ್ಕೆ ಸೇರಿರಬೇಕು, ಇಂಥ ಕಾದಂಬರಿಗಳಲ್ಲಿ ಆತುರ ಇರುವುದಿಲ್ಲ, ಬರುತ್ತಾನೆ ಎಂದು ಅಣ್ಣಯ್ಯ ಸಮಾಧಾನ ಹೇಳಿದ. ಪುಸ್ತಕದಲ್ಲಿ ಸೈನ್ಯದ ಮಾತೇ ಇರಲಿಲ್ಲ. ಆದರೆ ಗಮಕದಲ್ಲಿ ವ್ಯಾಖ್ಯಾನಕಾರ ಮೂಲದಲ್ಲಿ ಇಲ್ಲದ ನಾಲ್ಕು ಮಾತು ಸೇರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಸೇರಿಸದಿದ್ದರೇ ಬೇಜಾರು. ವಾಚನ ಮಾಡುವವರು ನಡುವೆ ಬಾಯಿ ಹಾಕುವ ಪದ್ಧತಿಯೂ ಇಲ್ಲ. ಅವನು ನಿಲ್ಲಿಸು ಅಂದಲ್ಲಿ ನಾನು ನಿಲ್ಲಿಸುತ್ತಿದ್ದೆ, ಓದು ಅಂದಲ್ಲಿ ಓದುತ್ತಿದ್ದೆ. ಅವನು ಹೇಳಿದ ಅರ್ಥವನ್ನು ನಾನೂ ನಂಬಿದೆ.

ನನ್ನ ಅಣ್ಣನೇ ಒಳ್ಳೆಯ ಅಣ್ಣನಾಗಿದ್ದ ಕಾಲ ಅದು, ಅದನ್ನೂ ಹೇಳಬೇಕು. ನಾನು ಚಿಕ್ಕವಳಿದ್ದಾಗ ದಸರಾದ ಪಂಜಿನ ಕವಾಯತು ತೋರಿಸಲು ಬನ್ನಿಮಂಟಪಕ್ಕೆ ನನ್ನನ್ನು ಹೆಗಲ ಮೇಲೆ ಹೊತ್ತು ನಡೆದಿದ್ದ. ಆಗ ಅವನನ್ನು 'ಅಣ್ಣೀ' ಎಂದು ಕರೆಯುತ್ತಿದ್ದೆ. ಅವನು ಕಾಲೇಜಿನ ಮೇಷ್ಟರಾದ ಮೇಲೆ ಅಮ್ಮ ಗದರಿಸಿ 'ಅಣ್ಣಯ್ಯ' ಎಂದು ರೂಢಿ ಮಾಡಿಸಿದಳು. ಅಮ್ಮ ಮಾತ್ರ ಕೊನೆಯ ತನಕ ತನ್ನದೇ ಒಂದು ಮುದ್ದು ಹೆಸರಿನಿಂದ ಕೂಗಿದಳು. ಹೊರಗೆ ಅವನು ಎರಡು ಇನಿಷಿಯಲ್ ಹಾಕಿಕೊಂಡ ರಾಯರು. ಒಬ್ಬನೇ ಮನುಷ್ಯನಿಗೆ ನಾಲ್ಕು ಹೆಸರು, ಅದೂ ನಮ್ಮ ಮನೆಯಲ್ಲೇ. ಆದರೂ ಅಷ್ಟು ಓದಿಕೊಂಡವರಲ್ಲಿ ಒಬ್ಬರಿಗೂ ಒಂದು ಅನುಮಾನ ಹುಟ್ಟಲಿಲ್ಲ.

ಕಾದಂಬರಿಯ ಜಡ್ಜಿ ಹೆಂಡತಿಯನ್ನು ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಅವಳು ಇದ್ದಾಳೆ ಎನ್ನುವುದನ್ನೇ ಗಮನಿಸುತ್ತಿರಲಿಲ್ಲ, ಅಷ್ಟೇ. ಒಂದು ಇಡೀ ಭಾನುವಾರ ಆ ಮೌನದ ಮೇಲೆ ಚರ್ಚೆ ನಡೆಯಿತು. ವಕೀಲರು ಕಾಫಿ ಲೋಟ ಕೆಳಗಿಟ್ಟು, "ಹೊಡೆದಿದ್ರೆ ಗಾಯ ತೋರಿಸಬಹುದಿತ್ತು. ಇದನ್ನ ಯಾವ ಕೋರ್ಟಿಗೆ ತೋರಿಸ್ತಾಳೆ ಹೇಳಿ?" ಎಂದರು. ಎಲ್ಲರಿಗೂ ಆ ಮಾತು ತುಂಬ ಹಿಡಿಸಿತು. ಅರಮನೆ ತಾತ ಪೇಟ ತೆಗೆದು ಪಕ್ಕಕ್ಕಿಟ್ಟು, ಹೆಣ್ಣಿನ ಮನಸ್ಸು ಅಂದರೆ ಏನು ಎಂದು ಈ ರಷ್ಯದವನು ಬಲ್ಲ ಎಂದರು. ನಾನು ತಲೆ ಬಗ್ಗಿಸಿ ಪುಟದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಇಂಥವರ ನಡುವೆ ಹುಟ್ಟಿದ್ದು ನನ್ನ ಪುಣ್ಯ ಎಂದುಕೊಂಡೆ.

ಎರಡನೆಯ ಸಂಪುಟದ ಕೊನೆಯಲ್ಲಿ ಜಡ್ಜಿ ಹೆಂಡ್ತಿ ಗಂಡನ ಮನೆ ಬಿಟ್ಟು ಹೊರಡುತ್ತಾಳೆ. ಹಿಮದಲ್ಲಿ ಚಕ್ರವಿಲ್ಲದ ಕುದುರೆ ಬಂಡಿಯಲ್ಲಿ ಎಷ್ಟೋ ದೂರ ಬಂದು ತವರಿನ ಗೇಟಿನ ಮುಂದೆ ಇಳಿಯುತ್ತಾಳೆ. ನಾಯಿ ಬೊಗಳುತ್ತದೆ. ಒಳಗಿನಿಂದ ಯಾರೋ ಲಾಟೀನು ಹಿಡಿದು ಬರುತ್ತಾರೆ. ಬೂಟಿನ ಸದ್ದು ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ. ಸಂಪುಟ ಅಲ್ಲಿಗೆ ಮುಗಿಯಿತು.

ಮೂರನೆಯದು ಸಿಗಲಿಲ್ಲ. ಅಣ್ಣಯ್ಯ ಮದರಾಸಿಗೆ, ಬೆಂಗಳೂರಿಗೆ ಹೋಗುವವರ ಕೈಯಲ್ಲೆಲ್ಲ ಹೇಳಿ ಕಳಿಸಿದ. ಪುಸ್ತಕ ಇಲ್ಲದಿದ್ದರೇನು, ಚರ್ಚೆ ನಿಲ್ಲಲಿಲ್ಲ. ಲಾಟೀನು ಹಿಡಿದು ಬಂದವನು ಯಾರು, ದೊಡ್ಡಣ್ಣನೋ ಚಿಕ್ಕಣ್ಣನೋ? ದೊಡ್ಡಣ್ಣನಾದರೆ ಅವಳ ಗತಿ ಮುಗಿಯಿತು ಎಂದು ವಕೀಲರು. ಸೈನ್ಯದಿಂದ ಚಿಕ್ಕಣ್ಣ ಆ ಹೊತ್ತಿಗೆ ಸರಿಯಾಗಿ ಬಂದಿರುತ್ತಾನೆ ಎಂದು ಅಣ್ಣಯ್ಯ. "ಯಾರಾನ ಆಗ್ಲಿ, ಅಣ್ಣ ಅಂದ್ಮೇಲೆ ಬಾಗ್ಲು ತಗ್ದೇ ತಗೀತಾನೆ ಬುಡಿ ಸಾ" ಎಂದು ಮೇಷ್ಟ್ರು. ಅತ್ತಿಗೆ ಉಪ್ಪಿಟ್ಟಿನ ತಟ್ಟೆ ಇಡಲು ಬಂದವಳು, ಬಾಗಿಲು ತೆಗೆಯುವುದು ಯಾರಾದರೂ ಆಗಲಿ, ಅವಳಿಗೆ ಅನ್ನ ಇಕ್ಕುವವಳು ಯಾರು ಎಂದು ಕೇಳಿ ಒಳಗೆ ಹೋದಳು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ದಿನ ಅಣ್ಣಯ್ಯ ಆಡಿದ ಮಾತು ಮಾತ್ರ ನನ್ನ ಎದೆಯಲ್ಲಿ ಕೂತುಬಿಟ್ಟಿತು.

"ಬಾಗಿಲಿಗೆ ಬಂದು ನಿಂತವಳನ್ನ ಯಾಕೆ ಬಂದೆ ಅಂತ ಕೇಳಬಾರದು ಕಣ್ರೀ. ಮೊದಲು ಒಳಗೆ ಕರೀಬೇಕು. ಕೇಳೋದೆಲ್ಲ ಆಮೇಲೆ."

ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ. ಅವನು ಪುಸ್ತಕಗಳ ಮುಂದೆ ನಿಜವಾಗಿಯೇ ಅಳುತ್ತಿದ್ದ.

ಮುಂದಿನ ವರ್ಷ ನನ್ನ ಮದುವೆ ಆಯಿತು. ಗಂಡ ಅರಸೀಕೆರೆ ರೈಲು ದಾರಿಯ ಒಂದು ತಾಲ್ಲೂಕು ಊರಿನಲ್ಲಿ ಸರ್ಕಾರಿ ಕಚೇರಿಯ ನೌಕರ. ಮನೆಯಲ್ಲಿ ಅವರು, ಅವರ ತಾಯಿ. ಮದುವೆಯಾದ ಹೊಸತರಲ್ಲಿ ಒಂದು ಸಾಯಂಕಾಲ ಅವರು ಮೇಲಧಿಕಾರಿಗೆ ಬರೆದ ಅರ್ಜಿ ಮೇಜಿನ ಮೇಲಿತ್ತು. ಅದರಲ್ಲಿ ಒಂದು ಇಂಗ್ಲಿಷ್ ಪದದ ಕಾಗುಣಿತ ತಪ್ಪಿತ್ತು. ನಾನು ತಿದ್ದಿ, ನಗುತ್ತಾ ತೋರಿಸಿದೆ. ಅವರು ಅರ್ಜಿಯನ್ನು ಹರಿದುಹಾಕಿ ಹೊಸದಾಗಿ ಬರೆದರು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು.

ಮುನಿಸು, ನಾಲ್ಕು ದಿನಕ್ಕೆ ಹೋಗುತ್ತದೆ ಎಂದುಕೊಂಡೆ. ಎರಡು ವರ್ಷ ಹೋಗಲಿಲ್ಲ. ನಾನು ಎದುರಿಗೆ ಬಡಿಸುತ್ತಿದ್ದರೂ, "ಸಾರಿಗೆ ಉಪ್ಪು ಜಾಸ್ತಿ ಅಂತ ಅವಳಿಗೆ ಹೇಳಮ್ಮ" ಎಂದು ತಾಯಿಗೆ ಹೇಳುವರು. ಅತ್ತೆ ನನ್ನ ಕಡೆ ತಿರುಗಿ ಅದೇ ಮಾತನ್ನು ಚಾಚೂ ತಪ್ಪದೆ ಒಪ್ಪಿಸುವರು. ನಾನು ಕೇಳಿದ್ದಕ್ಕೆ ಉತ್ತರ ಬೇಕಾದರೆ ಅದೂ ಅತ್ತೆಯ ಬಾಯಿಂದಲೇ ಬರಬೇಕು. ಊಟಕ್ಕೆ ಬಟ್ಟೆಗೆ ಕಡಿಮೆ ಇರಲಿಲ್ಲ. ನೆರೆಹೊರೆಯವರು ಎಂಥ ಶಾಂತವಾದ ಮನೆ ಎಂದು ಹೊಗಳುತ್ತಿದ್ದರು. ಒಂದು ಸಲ ನನಗೆ ಜ್ವರ ಹಿಡಿದು ಹಾಸಿಗೆಯಿಂದ ಏಳಲಾಗದೆ ಬಿದ್ದಿದ್ದೆ. ಹೊರಗಿನ ಕೋಣೆಯಿಂದ ಅವರ ದನಿ ಕೇಳಿಸಿತು: "ನರಳೋದು ಬೀದಿಗೆ ಕೇಳಿಸತ್ತೆ ಅಂತ ಅವಳಿಗೆ ಹೇಳಮ್ಮ."

ಆ ಜ್ವರ ಬಿಟ್ಟ ಮೇಲೆ ನಾನು ಅಲ್ಲಿ ಇರಬಾರದು ಎಂದು ತೀರ್ಮಾನ ಮಾಡಿದೆ. ಮೈಸೂರಿನಲ್ಲಿ ನನಗೆ ಪಾಠ ಹೇಳಿದ್ದವರೊಬ್ಬರು ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಅವರಿಗೆ ಬರೆದೆ. ಜೂನ್ ತಿಂಗಳಿಗೆ ಇಂಗ್ಲಿಷ್ ಪಾಠಕ್ಕೆ ಒಬ್ಬರು ಬೇಕು, ಬಾ ಎಂದರು. ಇನ್ನು ನನಗೆ ಬೇಕಾಗಿದ್ದದ್ದು ಅಣ್ಣಯ್ಯನ ಮನೆಯಲ್ಲಿ ಒಂದು ಮೂಲೆ, ಅದೂ ಕೆಲವು ತಿಂಗಳ ಮಟ್ಟಿಗೆ. ಅದೊಂದು ದೊಡ್ಡ ವಿಷಯ ಎಂದು ನನಗೆ ಅನ್ನಿಸಲೇ ಇಲ್ಲ. ಆ ಹಜಾರದಲ್ಲಿ ಅದರ ತೀರ್ಪು ಎಂದೋ ಆಗಿಹೋಗಿತ್ತಲ್ಲ! ಅತ್ತೆಗೆ ಹೇಳಿ, ಟ್ರಂಕು ಎತ್ತಿಕೊಂಡು ರೈಲು ಹತ್ತಿದೆ.

ಮೈಸೂರು ಸ್ಟೇಷನ್ನಿನಿಂದ ಜಟಕಾ ಮಾಡಿಕೊಂಡು ಮನೆ ಮುಂದೆ ಇಳಿದಾಗ ಭಾನುವಾರದ ಬೆಳಗ್ಗೆ. ಹೊರಗೆ ಮೇಷ್ಟ್ರ ಸೈಕಲ್ ನಿಂತಿತ್ತು. ಒಳಗೆ ಅಣ್ಣಯ್ಯನ ದನಿ ಕೇಳುತ್ತಿತ್ತು, ಬೇರೆ ಯಾವುದೋ ಪುಸ್ತಕ ನಡೆಯುತ್ತಿತ್ತು. ಕುದುರೆಯ ಸದ್ದಿಗೆ ಅವನೇ ಎದ್ದು ಬಂದ. ನನ್ನನ್ನು ಕಂಡು ನಕ್ಕ. ಆಮೇಲೆ ಟ್ರಂಕು ಕಂಡಿತು. ನನ್ನ ಬಾಯಿಂದ ಎಷ್ಟೋ ವರ್ಷದ ಮೇಲೆ "ಅಣ್ಣೀ" ಎಂದು ಬಂತು, ಯಾಕೆ ಬಂತೋ ಗೊತ್ತಿಲ್ಲ.

"ಯಾಕೆ ಬಂದೆ?" ಎಂದ.

ನಾನು ಉತ್ತರ ಕೊಡುವ ಮೊದಲೇ ಅವನಿಗೆ ಉತ್ತರ ಗೊತ್ತಾಗಿತ್ತು. ಜಟಕಾದ ಸಾಬರು ಟ್ರಂಕು ಇಳಿಸಲು ಬಗ್ಗಿದ್ದರು. ಅಣ್ಣಯ್ಯ ಕೈ ತೋರಿಸಿ ಅಲ್ಲೇ ಇರಲಿ, ಸ್ವಲ್ಪ ಕಾಯಿ ಎಂದ. ಕಾಯುವುದಾದರೆ ಕುದುರೆ ಬಿಚ್ಚಿ ಹುಲ್ಲು ಹಾಕಲೇ ಎಂದು ಅವರು ಕೇಳಿದರು. "ಬೇಡಪ್ಪಾ, ಬಿಚ್ಚಬೇಡ. ಮಧ್ಯಾಹ್ನದ ಗಾಡಿಗೆ ಹೋಗ್ಬೇಕು" ಎಂದ. ನಾನಿನ್ನೂ ಹೊಸಲು ದಾಟಿರಲಿಲ್ಲ.

ಕಾಫಿ ಬಂತು. ಹಜಾರದಲ್ಲಿ ಅದೇ ಮೂವರು, ಅದೇ ಚಾಪೆ. ಅಣ್ಣಯ್ಯ ಇವರೆಲ್ಲ ಮನೆಯವರೇ, ಹೇಳು ಎಂದ. ನಾನು ಹೇಳಿದೆ. ಆಗ ನಡೆದದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ನಾನು ಒಂದು ಮಾತು ಹೇಳುವುದು, ಅಣ್ಣಯ್ಯ ಅವರ ಕಡೆ ತಿರುಗಿ ಅದಕ್ಕೆ ಅರ್ಥ ಹೇಳುವುದು. ಎರಡು ವರ್ಷದಿಂದ ನನ್ನ ಜೊತೆ ಮಾತಾಡಿಲ್ಲ ಎಂದೆ. "ಅಂದ್ರೆ, ಅವರು ಸ್ವಲ್ಪ ಮಿತಭಾಷಿ" ಎಂದ. ಜ್ವರದ ವಿಷಯ ಹೇಳಿದೆ. ಮೈಯಲ್ಲಿ ಹುಷಾರಿರಲಿಲ್ಲ, ಅದರಿಂದ ಮನಸ್ಸಿಗೂ ಸ್ವಲ್ಪ ಹೀಗಾಗಿದೆ ಎಂದ. ಶಾಲೆಯ ಕೆಲಸ ಸಿಕ್ಕಿದೆ, ಇರುವುದಕ್ಕೆ ಒಂದು ಮೂಲೆ ಸಾಕು ಎಂದೆ. ಇವಳಿಗೆ ಮೊದಲಿನಿಂದಲೂ ಓದಿನ ಹುಚ್ಚು ಎಂದ. ವಾಚನ ನನ್ನದು, ವ್ಯಾಖ್ಯಾನ ಅವನದು. ಪದ್ಧತಿ ಬಿಟ್ಟು ಅವನು ಒಂದಿಷ್ಟೂ ಆಚೆ ಈಚೆ ಹೋಗಲಿಲ್ಲ.

ವಕೀಲರು ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ಹಾಗೆ ಕೇಳಿದರು. "ಹೊಡೆದಿದಾರೇನಮ್ಮಾ?"

"ಇಲ್ಲ."

"ಊಟಕ್ಕೆ, ಬಟ್ಟೆಗೆ?"

"ಅದಕ್ಕೇನೂ ಕಡಿಮೆ ಇಲ್ಲ."

"ಮತ್ತಿನ್ನೇನಮ್ಮಾ?"

ಅವರ ಕೈಯಲ್ಲಿ ಅದೇ ಕಾಫಿ ಲೋಟ ಇತ್ತು. ಗಾಯ ತೋರಿಸಲಾಗದವಳ ಬಗ್ಗೆ ಮಾತಾಡಿದ್ದು ಅವರಿಗೆ ಮರೆತಿತ್ತೋ, ಆ ಮಾತು ರಷ್ಯದವರಿಗೆ ಮಾತ್ರ ಸಲ್ಲುವುದೋ, ನಾನು ಕೇಳಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಅವರು ನಕ್ಕರು. ಉಂಡು ಮಲಗಿ ಎರಡು ವರ್ಷ ಆಗಿತ್ತು. ಅರಮನೆ ತಾತ ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಶುರುಮಾಡಿ, ಹೊಂದಿಕೊಂಡು ಹೋಗುವುದರಲ್ಲಿ ಇರುವ ಸುಖದ ಬಗ್ಗೆ ಬಹಳ ಹೊತ್ತು ಹೇಳಿದರು. ಕೊನೆಗೆ ಅಣ್ಣಯ್ಯನ ಕಡೆ ತಿರುಗಿ, "ಆ ಪುಸ್ತಕಾನ ಇವಳ ಕೈಲಿ ಓದಿಸಬಾರದಿತ್ತು ಕಣ್ರೀ" ಎಂದರು. ಅಣ್ಣಯ್ಯ ತಲೆ ತಗ್ಗಿಸಿದ. ಆ ಬೆಳಗ್ಗೆಯೆಲ್ಲ ಅವನು ತಪ್ಪು ಮಾಡಿದೆ ಅನ್ನುವ ಮುಖ ಮಾಡಿದ್ದು ಆ ಒಂದು ಮಾತಿಗೆ ಮಾತ್ರ.

ನಾನು ಮೇಷ್ಟ್ರ ಕಡೆ ನೋಡಿದೆ. ಅಣ್ಣ ಅಂದಮೇಲೆ ಬಾಗಿಲು ತೆಗೆದೇ ತೆಗೆಯುತ್ತಾನೆ ಎಂದಿದ್ದವರು ಅವರು. ಅವರು ಖಾಲಿ ಲೋಟದ ತಳ ನೋಡುತ್ತಾ ಕೂತಿದ್ದರು. ಆಮೇಲೆ ಹೊಲದಲ್ಲಿ ಕೆಲಸ ಇದೆ ಎಂದು ಎದ್ದುಹೋದರು.

ಊಟ ಆದರೂ ಮಾಡಿಕೊಂಡು ಹೋಗಲಿ ಎಂದು ಅತ್ತಿಗೆ ಬಾಗಿಲ ಹತ್ತಿರ ನಿಂತು ಹೇಳಿದಳು. ಗಾಡಿ ತಪ್ಪುತ್ತದೆ ಎಂದ ಅಣ್ಣಯ್ಯ. ಅತ್ತಿಗೆ ನನ್ನನ್ನು ದೇವರ ಮುಂದೆ ಮಣೆಯ ಮೇಲೆ ಕೂರಿಸಿ ಕುಂಕುಮ ಇಟ್ಟು, ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಹಾಕಿ ಮಡಿಲು ತುಂಬಿದಳು. ತವರಿನಿಂದ ಹೆಣ್ಣನ್ನು ಕಳಿಸುವ ಶಾಸ್ತ್ರದಲ್ಲಿ ಯಾವುದಕ್ಕೂ ಕೊರತೆ ಆಗಲಿಲ್ಲ. ಅನ್ನ ಇಕ್ಕುವವಳು ಯಾರು ಎಂದು ಅಂದು ಕೇಳಿದವಳು ಅವಳೇ; ಇಕ್ಕುವುದಕ್ಕೆ ಅವಳೊಬ್ಬಳು ತಯಾರಿದ್ದಳು, ಅವಳ ಮಾತು ನಡೆಯಲಿಲ್ಲ. ಜಟಕಾ ಹೊರಟು ದೊಡ್ಡ ರಸ್ತೆಗೆ ಬಂದಾಗ ಮೇಷ್ಟ್ರು ಸೈಕಲ್ ಹಿಡಿದು ಮರದ ಕೆಳಗೆ ನಿಂತಿದ್ದರು. ನನ್ನನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದರು, ಆಮೇಲೆ ಸೈಕಲ್ ಹತ್ತಿ ಮಂಡಕಳ್ಳಿಯ ಕಡೆ ತಿರುಗಿದರು.

ಜೂನ್ ತಿಂಗಳ ಕೆಲಸ ಬೇರೆಯವರಿಗೆ ಹೋಯಿತು. ನಾನು ವಾಪಸು ಹೋದ ಮನೆಯಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. "ಬಂದಳಾ ಅಂತ ಕೇಳಮ್ಮ" ಎಂದರು ಗಂಡ. ಅತ್ತೆ ನನ್ನನ್ನೇ ಕೇಳಿದರು, ಬಂದೆಯಾ ಎಂದು. ಬಂದೆ ಎಂದೆ. ಹಾಗೆ ಇನ್ನೂ ಆರೇಳು ವರ್ಷ ಕಳೆಯಿತು. ಆ ವರ್ಷಗಳ ಬಗ್ಗೆ ಬರೆಯಲು ಏನೂ ಇಲ್ಲ. ಮಾತೇ ಇಲ್ಲದ ಮನೆಯಲ್ಲಿ ನೆನಪಿಗೂ ಹಿಡಿದುಕೊಳ್ಳುವುದಕ್ಕೆ ಏನೂ ಸಿಗುವುದಿಲ್ಲ.

ಕೊನೆಗೆ ಬಿಟ್ಟುಹೋದವರು ಅವರೇ. ದೂರದ ಊರಿಗೆ ವರ್ಗವಾಯಿತು. ಸಾಮಾನೆಲ್ಲ ಲಾರಿಗೆ ಹಾಕಿಸಿ, ತಾಯಿಯನ್ನು ಕರೆದುಕೊಂಡು ಹೊರಟರು. ಮನೆ ಸಿಕ್ಕಿದ ಮೇಲೆ ಹೇಳಿ ಕಳಿಸುತ್ತೇನೆ ಎಂದು ಅತ್ತೆಯ ಬಾಯಿಂದ ಹೇಳಿಸಿದರು. ಹೇಳಿ ಕಳಿಸಲಿಲ್ಲ. ನಾನು ಬಿಟ್ಟು ಬಂದರೆ ಅದು ಅಪರಾಧ, ಅವರು ಬಿಟ್ಟು ಹೋದರೆ ಅದು ವರ್ಗ. ಹೀಗೆ ಗಂಡ ಬಿಟ್ಟವಳಾಗಿ ನಾನು ಮೈಸೂರಿಗೆ ಬಂದಾಗ ಎಲ್ಲರೂ ಅಯ್ಯೋ ಪಾಪ ಅಂದರು. ವಕೀಲರೇ ಮುಂದೆ ನಿಂತು ಬನ್ನಿಮಂಟಪದ ಹತ್ತಿರ ಒಂದು ಮನೆಯ ಹಿಂದಿನ ಕೋಣೆ ಬಾಡಿಗೆಗೆ ಕೊಡಿಸಿದರು. ಒಂದು ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಹೇಳುವ ಕೆಲಸವೂ ಸಿಕ್ಕಿತು. ಅಣ್ಣಯ್ಯ ಹಬ್ಬ ಹರಿದಿನಕ್ಕೆ ಕರೆಯುತ್ತಿದ್ದ, ನಾನು ಹೋಗುತ್ತಿದ್ದೆ. ಆ ಭಾನುವಾರದ ಮಾತನ್ನು ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಆದರೆ ಮರೆಯಲೂ ಇಲ್ಲ.

ಅವನು ಆ ವೇಳೆಗೆ ದೊಡ್ಡ ಪ್ರೊಫೆಸರಾಗಿದ್ದ. ಆ ಕಾದಂಬರಿಯ ಮೇಲೆ ಅಲ್ಲಿ ಇಲ್ಲಿ ಭಾಷಣ ಮಾಡುತ್ತಿದ್ದ. ದೊಡ್ಡಣ್ಣ ರಷ್ಯಾದ ಕ್ರೌರ್ಯ, ಚಿಕ್ಕಣ್ಣ ರಷ್ಯಾದ ಕರುಣೆ, ಇಬ್ಬರು ಅಣ್ಣಂದಿರ ನಡುವೆ ಹಿಮದಲ್ಲಿ ನಿಂತ ಹೆಣ್ಣು, ಹೀಗೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಮೂರನೆಯ ಸಂಪುಟ ಓದಿಲ್ಲ ಎನ್ನುವುದನ್ನು ಅವನು ಭಾಷಣದಲ್ಲಿ ಹೇಳುತ್ತಿರಲಿಲ್ಲ.

ಮೂರನೆಯ ಸಂಪುಟ ನನಗೆ ಸಿಕ್ಕಿದ್ದು ಅರವತ್ತನೆಯ ಇಸವಿಯ ನಂತರ, ದಸರಾ ವಸ್ತುಪ್ರದರ್ಶನದಲ್ಲಿ. ರಷ್ಯಾದ ಪುಸ್ತಕಗಳ ಮಳಿಗೆಯೊಂದು ಬಂದಿತ್ತು, ಒಳ್ಳೆಯ ಕಾಗದ, ಅಗ್ಗದ ಬೆಲೆ. ಮೂರೂ ಸಂಪುಟ ಸಾಲಾಗಿ ಇಟ್ಟಿದ್ದರು. ಕೊನೆಯದೊಂದನ್ನೇ ಕೊಡುವುದಿಲ್ಲ ಎಂದರು. ಮೂರನ್ನೂ ತೆಗೆದುಕೊಂಡು ಕೋಣೆಗೆ ಬಂದು, ಸೀರೆ ಕೂಡ ಬದಲಾಯಿಸದೆ ಮೂರನೆಯದರ ಮೊದಲ ಪುಟ ತೆರೆದೆ.

ಲಾಟೀನು ಹಿಡಿದು ಬಂದವನು ದೊಡ್ಡಣ್ಣ. ಕುಡಿದಿದ್ದಾನೆ, ಕೋಟಿನ ಗುಂಡಿ ಹಾಕಿಲ್ಲ. ಲಾಟೀನು ಎತ್ತಿ ತಂಗಿಯ ಮುಖ ನೋಡುತ್ತಾನೆ. ಅವಳು ಚಳಿಗೆ ಮರಗಟ್ಟಿದ ತುಟಿಯಿಂದ ಅವನನ್ನು ಕರೆಯುತ್ತಾಳೆ. ಕರೆದ ಹೆಸರು ಚಿಕ್ಕಣ್ಣನದು, ಆ ಎರಡು ಅಕ್ಷರದ ಮುದ್ದಿನ ಹೆಸರು.

ಮೊದಲು ನನಗೆ ಅರ್ಥವಾಗಲಿಲ್ಲ. ಎರಡು ಸಲ ಓದಿದೆ. ಮೊದಲನೆಯ ಸಂಪುಟ ತೆಗೆದು ಕೆರೆಯ ಕಥೆ ಬರುವ ಕಡೆ ಮತ್ತೆ ಓದಿದೆ. ಮನೆಯಲ್ಲಿ ಇದ್ದದ್ದು ಒಬ್ಬನೇ ಅಣ್ಣ. ಉದ್ದ ಹೆಸರು ಊರಿನವರು ಕರೆಯುವುದು, ಗಿಡ್ಡ ಹೆಸರು ತಂಗಿ ಕರೆಯುವುದು. ಬೆನ್ನಿಗೆ ಕೂರಿಸಿಕೊಂಡವನೂ ಚಾವಟಿ ಹಿಡಿದವನೂ ಅವನೇ. ಎರಡನೆಯವನನ್ನು ಹುಟ್ಟಿಸಿದ್ದು ವಿದ್ಯಾರಣ್ಯಪುರಂ ಹಜಾರದಲ್ಲಿ.

ಅವನು ತಂಗಿಯನ್ನು ಯಾಕೆ ಬಂದೆ ಎಂದು ಕೇಳುವುದಿಲ್ಲ. ಒಂದು ಮಾತನ್ನೂ ಆಡುವುದಿಲ್ಲ. ಲಾಟೀನನ್ನು ಹಿಮದ ಮೇಲೆ ಇಟ್ಟು, ಅವಳನ್ನು ದಾಟಿ ಹೋಗಿ, ಬರಿಗೈಯಲ್ಲಿ ಕುದುರೆ ಬಿಚ್ಚುತ್ತಾನೆ.

ಆ ಪುಟದ ಮೇಲೆ ನಾನು ತುಂಬ ಹೊತ್ತು ಅತ್ತೆ. ಅವಳಿಗೋಸ್ಕರ ಅಲ್ಲ, ಅವಳಿಗೇನು ಕಡಿಮೆ! ನನ್ನ ಹೊಟ್ಟೆ ಉರಿಯಿತು, ಅದಕ್ಕೆ ಅತ್ತೆ.

ಮುಂದಿನ ಭಾನುವಾರ ಪುಸ್ತಕ ತೆಗೆದುಕೊಂಡು ಅಣ್ಣಯ್ಯನ ಮನೆಗೆ ಹೋದೆ. ಅರಮನೆ ತಾತ ತೀರಿಹೋಗಿ ವರ್ಷಗಳಾಗಿದ್ದವು. ವಕೀಲರು ಕಿವಿ ಮಂದವಾಗಿ ಹೊರಗೆ ಬರುವುದು ಬಿಟ್ಟಿದ್ದರು. ಮೇಷ್ಟ್ರು ಬರುವುದನ್ನು ಎಂದೋ ನಿಲ್ಲಿಸಿದ್ದರು. ಹಜಾರದಲ್ಲಿ ಅಣ್ಣಯ್ಯ ಒಬ್ಬನೇ ಕೂತಿದ್ದ. ಪುಸ್ತಕ ನೋಡಿ ಮಗುವಿನ ಹಾಗೆ ಖುಷಿಪಟ್ಟ. ಕನ್ನಡಕ ಹುಡುಕುತ್ತಾ, "ಯಾರೇ ಬಂದಿದ್ದು? ಚಿಕ್ಕಣ್ಣನೇ ತಾನೆ?" ಎಂದು ಕೇಳಿದ.

"ಇಬ್ಬರಿಲ್ಲ ಅಣ್ಣಯ್ಯ. ಒಬ್ಬನೇ" ಎಂದೆ.

ಅವನಿಗೆ ತಿಳಿಯಲಿಲ್ಲ. ಪುಟ ತೆರೆದು ಕೊಟ್ಟೆ. ನಿಂತುಕೊಂಡೇ ಓದಿದ. ಅವನ ಮುಖ ಮೊದಲು ಗಂಟಿಕ್ಕಿತು, ಆಮೇಲೆ ಕಿವಿ ಕೆಂಪಾಯಿತು. ಅಷ್ಟು ವರ್ಷದ ಭಾಷಣಗಳು ಅವನ ಕಣ್ಣ ಮುಂದೆ ಬಂದಿರಬೇಕು. ಹಳೆಯ ಅನುವಾದಕ ಗೊಂದಲ ಮಾಡಿದ್ದ, ಎಲ್ಲರೂ ಮೋಸಹೋಗುತ್ತಾರೆ ಎಂದ. ಹಳೆಯ ಅನುವಾದವನ್ನು ಗಟ್ಟಿಯಾಗಿ ಓದಿದವಳು ನಾನು. ಅದರಲ್ಲಿ ಗೊಂದಲ ಇರಲಿಲ್ಲ. ಅದನ್ನು ಹೇಳಲಿಲ್ಲ. ಕುದುರೆ ಬಿಚ್ಚುವ ಜಾಗಕ್ಕೆ ಅವನು ಇನ್ನೂ ಬಂದಿರಲಿಲ್ಲ, ಅಲ್ಲಿಗೆ ಬರಲಿ ಎಂದು ಕಾದೆ.

ಬಂದ. ಓದಿದ. ಅವನ ಕಣ್ಣಲ್ಲಿ ನೀರು ಬರುತ್ತದೆ ಎಂದು ನಾನು ನೋಡುತ್ತಿದ್ದೆ. ಈ ವಯಸ್ಸಿನಲ್ಲಾದರೂ ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡಲಿ, ಸಾಕು, ಮಿಕ್ಕಿದ್ದೆಲ್ಲ ಬಿಟ್ಟುಬಿಡುತ್ತೇನೆ ಎಂದುಕೊಂಡೆ. ಅವನು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ.

"ಇಲ್ಲಿ ಲೇಖಕ ಎಡವಿದಾನೆ ಕಣೇ" ಎಂದ. "ಅಂಥಾ ಒರಟ, ತಂಗಿ ಒಂದು ಸಲ ಹೆಸರು ಕರೆದ್ಲು ಅಂತ ಕರಗಿಬಿಡೋದು, ಓದೋಕೇನೋ ಚೆನ್ನಾಗಿದೆ. ಜೀವನದಲ್ಲಿ ಹಾಗೆಲ್ಲ ಆಗಲ್ಲ."

ನಾನು ಎದ್ದೆ. ಅಡುಗೆ ಆಗಿದೆ, ಎಲೆ ಹಾಕುತ್ತೇನೆ, ಒಂದು ತುತ್ತು ತಿಂದು ಹೋಗು ಎಂದು ಅತ್ತಿಗೆ ಒಳಗಿನಿಂದ ಓಡಿ ಬಂದಳು. ಜಟಕಾ ಕಾಯುತ್ತಿದೆ ಅತ್ತಿಗೆ ಎಂದೆ. ಅವಳು ಮತ್ತೆ ಬಲವಂತ ಮಾಡಲಿಲ್ಲ, ಅವಳಿಗೆ ಗೊತ್ತು. ಆ ಮನೆಗೆ ಹೋದಾಗಲೆಲ್ಲ ನಾನು ಜಟಕಾ ಕಾಯಿಸುತ್ತೇನೆ. ಕುದುರೆ ಬಿಚ್ಚಲಾ ಅಮ್ಮಾ ಎಂದು ಪ್ರತಿ ಸಲವೂ ಕೇಳುತ್ತಾರೆ. ಬೇಡ ಎನ್ನುತ್ತೇನೆ.